ಗದ್ದೆ ಉಳಿಸಿದವರಿಗೆ ರಾಯಲ್ಟಿ: ಕೇರಳದ ಯೋಜನೆಯನ್ನು ಅರಿಯೋಣ

ಭತ್ತದ ಗದ್ದೆಯನ್ನು ರೂಪಾಂತರಿಸದೆ ಉಳಿಸಿಕೊಂಡು ಬಂದ ಭೂಮಾಲಕರಿಗೆ ಕೇರಳ ಸರಕಾರವು ವರ್ಷಂಪ್ರತಿ ನೀಡುವ ಧನಸಹಾಯವೇ ‘ರಾಯಲ್ಟಿ’. 2020-21ರ ಮುಂಗಡಪತ್ರದಲ್ಲಿ ಘೋಷಣೆಯಾದ ಈ ಯೋಜನೆ 2020ರ ನವೆಂಬರ್ ತಿಂಗಳಲ್ಲಿ ಆರಂಭಗೊಂಡಿತು. ಮೊದಲು ಹೆಕ್ಟೇರಿಗೆ 2000 ರೂಪಾಯಿಯಿದ್ದ ಮೊತ್ತವನ್ನು ಬಳಿಕ 3000ಕ್ಕೆ ಏರಿಸಲಾಯಿತು; ಎಂದರೆ ಎಕರೆಗೆ ಸುಮಾರು 1200 ರೂಪಾಯಿ. ಬೀಜ, ಗೊಬ್ಬರಗಳಿಗೆ ದೊರೆಯುವ ಸಬ್ಸಿಡಿ ಬೆಳೆಗೆ ಸಂಬಂಧಿಸಿದ್ದು. ರಾಯಲ್ಟಿ ನೆಲಕ್ಕೆ ಸಂಬಂಧಿಸಿದ್ದು.

ಹಿನ್ನೆಲೆ

1970ರ ದಶಕದಲ್ಲಿ ಕೇರಳದ ಭತ್ತದ ಕ್ಷೇತ್ರ ಸುಮಾರು 8.8 ಲಕ್ಷ ಹೆಕ್ಟೇರಿನಷ್ಟಿತ್ತು. ಇಂದು ಅದು 2 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಕುಸಿದಿದೆ. ಕೂಲಿಯ ಏರಿಕೆ, ಆಳುಗಳ ಅಭಾವ, ತೋಟದ ಬೆಳೆಗಳ ಆಕರ್ಷಣೆ, ಮನೆ ನಿವೇಶನಗಳ ಬೇಡಿಕೆ ಇದಕ್ಕೆ ಕಾರಣಗಳು. ಈ ನಾಶವನ್ನು ತಡೆಯಲು 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂದಿತು. ಪ್ರತಿ ಪಂಚಾಯತಿನ ಗದ್ದೆಗಳ ವಿವರಗಳನ್ನು ‘ಡಾಟಾ ಬ್ಯಾಂಕ್’ನಲ್ಲಿ ದಾಖಲಿಸಿ, ಅನುಮತಿಯಿಲ್ಲದೆ ಮಣ್ಣು ತುಂಬಿಸುವುದನ್ನು ನಿಷೇಧಿಸಲಾಯಿತು. ಮಳೆನೀರನ್ನು ತಡೆದು ನೆಲಕ್ಕಿಳಿಸುವ ಗದ್ದೆಯ ಪ್ರಯೋಜನ ಊರಿಗೆಲ್ಲ. ಅದನ್ನು ಉಳಿಸುವ ಹೊರೆ ಮಾತ್ರ ಮಾಲಕನೊಬ್ಬನದು. ಆ ಹೊರೆಗೆ ಸರಕಾರ ಸಲ್ಲಿಸುವ ಗೌರವಧನವೆಂದು ರಾಯಲ್ಟಿಯನ್ನು ಗ್ರಹಿಸಬೇಕು.

ಯಾರಿಗೆ ಅರ್ಹತೆ?

ಭತ್ತ ಬೆಳೆಯುವ ಗದ್ದೆಯ ಮಾಲಕರು ಅರ್ಹರು. ಗದ್ದೆಯ ಮೂಲ ಸ್ವರೂಪ ಕೆಡದಂತೆ ದ್ವಿದಳ ಧಾನ್ಯ, ತರಕಾರಿ, ಎಳ್ಳು, ನೆಲಗಡಲೆ ಮುಂತಾದ ಅಲ್ಪಾವಧಿಯ ಬೆಳೆ ತೆಗೆಯುವವರಿಗೂ ಇದು ಲಭ್ಯ. ಹಡೀಲು ಬಿದ್ದ ಗದ್ದೆಯಲ್ಲಿ ಮಾಲಕರು ಸ್ವತಃ ಅಥವಾ ಇತರ ಕೃಷಿಕರ, ಸಂಘಗಳ ಮೂಲಕ ಬೇಸಾಯ ಮಾಡಿಸಿದರೂ ರಾಯಲ್ಟಿ ಪಡೆಯಬಹುದು. ಸತತ ಮೂರು ವರ್ಷ ಗದ್ದೆ ಮತ್ತೆ ಹಡೀಲು ಬಿದ್ದರೆ ಅರ್ಹತೆ ತಪ್ಪುತ್ತದೆ. ಮೊತ್ತ ಸಲ್ಲುವುದು ಮಾಲಕರಿಗೆ. ಅನ್ಯರ ಗದ್ದೆಯಲ್ಲಿ ದುಡಿಯುವ ಕೃಷಿಕರಿಗಲ್ಲ.

ಅರ್ಜಿಯ ಕ್ರಮ

ಕೃಷಿ ಇಲಾಖೆಯ ‘ಏಮ್ಸ್’ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಪ್ರಸಕ್ತ ವರ್ಷದ ಭೂತೆರಿಗೆ ರಶೀದಿ, ಗುರುತಿನ ದಾಖಲೆ, ಬ್ಯಾಂಕ್ ಖಾತೆಯ ವಿವರ ಅಗತ್ಯ. ಕೃಷಿಭವನದ ಪರಿಶೀಲನೆಯ ಬಳಿಕ ಹಣ ನೇರವಾಗಿ ಖಾತೆಗೆ ಜಮೆಯಾಗುತ್ತದೆ.

ಗಡಿನಾಡಿನಲ್ಲಿ ಇದರ ಮಹತ್ವ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಮುರಕಲ್ಲಿನ ಗುಡ್ಡಗಳ ನಡುವಣ ಬೈಲುಗಳೇ ಗದ್ದೆಗಳ ನೆಲೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ಕಂಡ ಬೈಲುಗಳಲ್ಲಿ ಹಲವು ಇಂದು ಅಡಿಕೆ ತೋಟಗಳಾಗಿವೆ. ಎಕರೆಗೆ 1200 ರೂಪಾಯಿ ಅಡಿಕೆಯ ಆದಾಯಕ್ಕೆ ಎಂದೂ ಸಾಟಿಯಾಗದು. ಉತ್ತು ನೆಡುವ ಖರ್ಚಿನ ಒಂದಂಶವನ್ನೂ ಅದು ಕಷ್ಟದಿಂದ ತುಂಬೀತು. ತೋಟವಾದ ಗದ್ದೆಯನ್ನು ಈ ಮೊತ್ತ ಮರಳಿ ತರಲಾರದು. ಆದರೆ ಮನೆಯ ಊಟಕ್ಕಾಗಿ, ದನಗಳ ಬೈಹುಲ್ಲಿಗಾಗಿ ಇನ್ನೂ ಗದ್ದೆ ಬಿತ್ತುತ್ತಿರುವ ಕುಟುಂಬಗಳು ತಮಗೆ ಸಲ್ಲಬೇಕಾದುದನ್ನು ಬಿಟ್ಟುಕೊಡಲು ಕಾರಣವಿಲ್ಲ.

ಭಾಷೆಯ ತೊಡಕು ಈ ಹಕ್ಕಿಗೆ ಅಡ್ಡಿಯಾಗಬಾರದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸುವ, ಕನ್ನಡದಲ್ಲಿಯೇ ಉತ್ತರ ಪಡೆಯುವ ಅವಕಾಶ ನೀಡಿದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಕನ್ನಡದಲ್ಲಿ ಬರೆದು ಕೇಳಬಹುದು. ಅರ್ಜಿಗೆ ಮುನ್ನ ಸರ್ವೆ ನಂಬ್ರ, ವಿಸ್ತೀರ್ಣ ಹಾಗೂ ಡಾಟಾ ಬ್ಯಾಂಕಿನ ನಮೂದು ತಾಳೆಯಾಗುವುದೇ ಎಂದು ವಿಲೇಜ್ ಕಚೇರಿ ಮತ್ತು ಕೃಷಿಭವನದಲ್ಲಿ ನೋಡಿಕೊಳ್ಳುವುದು ಒಳಿತೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ.