‘ಕಾಲ್ತುಳಿತ’ವೆಂಬ ಮಾತು

ರಾಜ್ಯೋತ್ಸವದ ಸಂಚಿಕೆಯಲ್ಲಿ ಸಾವಿನ ಮಾತೇಕೆ ಎಂದು ಓದುಗರು ಕೇಳಬಹುದು. ಧ್ವಜಾರೋಹಣ, ನಾಡಗೀತೆ, ಮಕ್ಕಳ ನಾಟಕ ಇವುಗಳ ನಡುವೆ ಅದು ಹಿತವಾದ ಮಾತಲ್ಲ, ನಿಜ. ಆದರೆ 2025ರ ಜೂನ್ 4ರಂದು ಬೆಂಗಳೂರಿನಲ್ಲಿ ನಡೆದುದೂ ಒಂದು ಉತ್ಸವವೇ. ಹಿಂದಿನ ರಾತ್ರಿ ಬೆಂಗಳೂರಿನ ತಂಡವು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, 18 ವರ್ಷಗಳಲ್ಲಿ ಮೊದಲನೆಯ ಬಾರಿಗೆ ಐಪಿಎಲ್ ಪ್ರಶಸ್ತಿಯನ್ನು ಪಡೆದಿತ್ತು. ಅಂಬತ್ತೂರಿನ ಕನ್ನಡದ ಮನೆಗಳಲ್ಲೂ ಮಕ್ಕಳು ಕುಣಿದರು. ಚೆನ್ನೈ ತಂಡದ ಐದು ಗೆಲುವುಗಳನ್ನು ನೆರೆಯವರಿಂದ ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ ಅಷ್ಟೂ ಸಂತೋಷ ಬೇಡವೆ? ಮರುದಿನದ ಸಂಜೆಗೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 11 ಮಂದಿ ಅಸುನೀಗಿದ್ದರು. ಹೆಚ್ಚಿನವರು ತರುಣ ತರುಣಿಯರು. ತಮಿಳುನಾಡಿನಿಂದ ಹೋಗಿ ಅಲ್ಲಿ ನೌಕರಿಯಲ್ಲಿದ್ದವಳೊಬ್ಬಳೂ ಅವರಲ್ಲಿದ್ದಳು. ನಾವು ಅಲ್ಲಿಂದ ಇಲ್ಲಿಗೆ ಬಂದಂತೆಯೇ ಅವಳು ಇಲ್ಲಿಂದ ಅಲ್ಲಿಗೆ ಹೋದವಳು.

ಪತ್ರಿಕೆಗಳು ಇದನ್ನು ‘ಕಾಲ್ತುಳಿತ’ವೆಂದು ಕರೆದವು. ನಾವೂ ಹಾಗೆಯೇ ಹೇಳುತ್ತೇವೆ. ಆದರೆ ಈ ಮಾತು ನಮಗೆ ಸರಿಕಾಣುವುದಿಲ್ಲ. ಕಾಲ್ತುಳಿತವೆಂದೊಡನೆ ಕಣ್ಣಿಗೆ ಕಟ್ಟುವುದು ಹುಚ್ಚೆದ್ದು ಓಡುವ ಜನ, ಬಿದ್ದವರ ಮೇಲೆ ಬೀಳುವ ಹೆಜ್ಜೆ. ತುಳಿದವನು ತಪ್ಪಿತಸ್ಥ, ಅವನು ಯಾರೆಂದು ಗೊತ್ತಿಲ್ಲ, ಅಲ್ಲಿಗೆ ಕಥೆ ಮುಗಿಯಿತು. ಇಂಥ ಸಾವುಗಳನ್ನು ಪರಿಶೀಲಿಸಿದವರು ಹೇಳುವುದೇ ಬೇರೆ. ಒಂದು ಚದರ ಮೀಟರಿನಲ್ಲಿ, ಎಂದರೆ ಇಬ್ಬರು ಎಲೆ ಹಾಕಿಕೊಂಡು ಕೂರುವಷ್ಟು ಜಾಗದಲ್ಲಿ, ಆರೇಳು ಮಂದಿ ನಿಂತರೆ ಯಾರ ಮೈಯೂ ಅವರವರ ವಶದಲ್ಲಿರುವುದಿಲ್ಲ. ಗುಂಪು ನೀರಿನಂತೆ ಅತ್ತಿತ್ತ ತೂಗುತ್ತದೆ. ಎದೆ ಉಬ್ಬಲು ಎಡೆಯಿಲ್ಲದೆ, ಎಷ್ಟೋ ವೇಳೆ ನಿಂತಲ್ಲೇ, ಉಸಿರು ಕಟ್ಟುತ್ತದೆ. ಹಿಂದಿದ್ದವನಿಗೆ ಮುಂದೇನಾಗುತ್ತಿದೆಯೆಂದು ಕಾಣದು. ಅವನು ಇಡುವುದು ಒಂದೇ ಹೆಜ್ಜೆ. ಆದ್ದರಿಂದ ಚರಿತ್ರೆ ಬರೆಯುವವರು ಕಾಲುಗಳನ್ನು ಬಿಟ್ಟು ಬಾಗಿಲನ್ನು ನೋಡಬೇಕು: ಅದು ಯಾವಾಗ ತೆರೆಯಿತು, ಎಷ್ಟು ತೆರೆಯಿತು, ಅದರ ಮುಂದಕ್ಕೆ ಅಷ್ಟು ಜನರನ್ನು ಕರೆದವರು ಯಾರು?

ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಪಟ್ಟಣದಲ್ಲಿ 1883ರ ಜೂನ್ 16ರಂದು ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳಿಗಾಗಿ ಒಂದು ವಿನೋದ ಪ್ರದರ್ಶನವಿತ್ತು. ಆಟ ಮುಗಿಯುವಾಗ, ಕೆಲವು ಸಂಖ್ಯೆಯ ಟಿಕೆಟಿನವರಿಗೆ ಬಹುಮಾನವುಂಟೆಂದು ಸಾರಿದರು. ಮೇಲಿನ ಅಂತಸ್ತಿನ ಮಕ್ಕಳು ಮೆಟ್ಟಿಲಿಳಿದು ಧಾವಿಸಿದರು. ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯುವಂಥದು. ಒಂದು ಬಾರಿಗೆ ಒಂದೇ ಮಗು ನುಸುಳುವಷ್ಟು ಸಂದಿ ಬಿಟ್ಟು ಅದಕ್ಕೆ ಅಗುಳಿ ಹಾಕಿತ್ತು. 183 ಮಕ್ಕಳು ಸತ್ತರು. ವಿಚಾರಣೆಗಳು ನಡೆದರೂ ಅಗುಳಿ ಹಾಕಿದವರು ಯಾರೆಂಬುದು ತಿಳಿಯಲೇ ಇಲ್ಲ. ಆದರೂ ಆ ದೇಶದವರು ಅಗುಳಿಯನ್ನು ಮರೆಯಲಿಲ್ಲ. ಸಭಾಭವನಗಳ ಬಾಗಿಲು ಹೊರಮುಖವಾಗಿ ತೆರೆಯಬೇಕೆಂಬ ಕಟ್ಟಳೆ ಬಂತು; ಒಳಗಿನಿಂದ ಮೈಯೊತ್ತಿದರೆ ತಾನೇ ಬಿಚ್ಚಿಕೊಳ್ಳುವ ಅಗುಳಿಗೆ 1892ರಲ್ಲಿ ಬ್ರಿಗ್ಸ್ ಎಂಬಾತ ಹಕ್ಕುಪತ್ರ ಪಡೆದ. ಇಂದು ಸಿನಿಮಾ ಮಂದಿರಗಳ ತುರ್ತು ಬಾಗಿಲಿಗೆ ಅಡ್ಡಲಾಗಿ ಕಾಣುವ ಸರಳು ಆ ವಂಶದ್ದೇ.

ಬೆಂಗಳೂರಿಗೆ ಬರೋಣ. ಸುಮಾರು 35,000 ಜನ ಹಿಡಿಯುವ ಕ್ರೀಡಾಂಗಣದ ಸುತ್ತ ಎರಡು ಮೂರು ಲಕ್ಷ ಜನ ಸೇರಿದ್ದರೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂದೇ ಹೇಳಿದರು. ಪೊಲೀಸರ ಒಪ್ಪಿಗೆ ಪಡೆಯದೆ ತಂಡದವರು ಬೆಳಗಿನಿಂದಲೇ ಸಾಮಾಜಿಕ ಜಾಲತಾಣಗಳಲ್ಲಿ ವಿಜಯಯಾತ್ರೆಗೆ ಜನರನ್ನು ಕರೆದರೆಂದೂ, ಉಚಿತ ಪ್ರವೇಶಪತ್ರದ ವಿಷಯವನ್ನು ಮಧ್ಯಾಹ್ನ 3 ಗಂಟೆ ಕಳೆದ ಮೇಲಷ್ಟೇ ತಿಳಿಸಿದರೆಂದೂ ರಾಜ್ಯ ಸರ್ಕಾರವು ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿದೆ. ಸಂಡರ್‌ಲ್ಯಾಂಡಿನ ಬಹುಮಾನದ ಟಿಕೆಟು ಇಲ್ಲಿ ನೆನಪಾಗದಿರದು. ಆದರೆ ಸರ್ಕಾರವೂ ಬರಿಯ ನೋಟಕನಾಗಿರಲಿಲ್ಲ. ಅದೇ ಸಂಜೆ ವಿಧಾನಸೌಧದ ಮೆಟ್ಟಿಲ ಮೇಲೆ ಆಟಗಾರರಿಗೆ ಹಾರ ಹಾಕಿದ್ದು ಸರ್ಕಾರವೇ. ಮರುದಿನ ನಗರದ ಪೊಲೀಸ್ ಕಮಿಷನರು ಅಮಾನತಾದರು. ಹೊರಗೆ ಹೆಣ ಬಿದ್ದ ಮೇಲೂ ಕ್ರೀಡಾಂಗಣದೊಳಗೆ ಸನ್ಮಾನ ನಡೆಯಿತೆಂಬುದನ್ನು ಮಾತ್ರ ಯಾವ ವರದಿಯೂ ಅಳಿಸಲಾರದು.

ಬೆಂಗಳೂರಿಗೆ ಇದು ಮೊದಲನೆಯ ಪೆಟ್ಟಲ್ಲ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು, ಬೆಂಕಿಯಿಂದಲೂ ನೂಕುನುಗ್ಗಲಿನಿಂದಲೂ 90ಕ್ಕೂ ಮಿಕ್ಕು ಜನ ಸತ್ತರು, ಬಹುಪಾಲು ಮಕ್ಕಳು. ಆಗ ಗುಂಡೂರಾಯರು ಮುಖ್ಯಮಂತ್ರಿಗಳು. ನಮ್ಮಲ್ಲಿ ಹಿರಿಯರಿಗೆ ಅದು ನೆನಪಿದೆ, ಅವರ ಮಕ್ಕಳಿಗೆ ಹೆಸರೂ ಗೊತ್ತಿಲ್ಲ. ಚೆನ್ನೈಯನ್ನೂ ಬಿಡುವಂತಿಲ್ಲ. 2024ರ ಅಕ್ಟೋಬರ್ 6ರಂದು ಮರೀನಾದ ವಿಮಾನ ಪ್ರದರ್ಶನಕ್ಕೆ ಲಕ್ಷಾಂತರ ಜನ ಬಂದು, ಬಿಸಿಲಿನಲ್ಲಿ ಬಳಲಿ ಐವರು ಸತ್ತರು. ಅಲ್ಲಿ ಯಾರನ್ನೂ ತುಳಿದಿರಲಿಲ್ಲ. ಆದರೂ ಜನ ಬಂದದ್ದೇ ತಪ್ಪೆಂಬ ಮಾತು ಕೇಳಿಬಂತು.

ಈ ಮಾತಿಗೆ ಎಷ್ಟು ಆಯುಸ್ಸೆಂಬುದನ್ನು ಇಂಗ್ಲೆಂಡಿನ ಇನ್ನೊಂದು ಪ್ರಕರಣ ತೋರಿಸುತ್ತದೆ. 1989ರಲ್ಲಿ ಹಿಲ್ಸ್‌ಬರೋ ಫುಟ್ಬಾಲ್ ಕ್ರೀಡಾಂಗಣದ ಇಕ್ಕಟ್ಟಿನಲ್ಲಿ ಸಿಕ್ಕಿ ಒಟ್ಟು 97 ಮಂದಿ ಸತ್ತರು. ತಪ್ಪು ನೋಡಲು ಬಂದವರದೆಂದು ಪೊಲೀಸರು ಹೇಳಿದರು. ಅಲ್ಲ ಎಂದು ವಿಚಾರಣೆಯ ಜೂರಿ ಹೇಳುವ ಹೊತ್ತಿಗೆ 2016 ಬಂದಿತ್ತು. ಆ 27 ವರ್ಷ ಕಾಗದಪತ್ರಗಳನ್ನು ಬಿಡದೆ ಹಿಡಿದವರು ಸತ್ತವರ ಮನೆಯವರು.

ಬೆಂಗಳೂರಿನ ದುರಂತವನ್ನು ತನಿಖೆಮಾಡಿದವರು ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೇಲ್ ಕುನ್ಹಾ. ಜಯಲಲಿತಾ ಅವರ ಆಸ್ತಿ ಪ್ರಕರಣದಲ್ಲಿ 2014ರಲ್ಲಿ ತೀರ್ಪಿತ್ತವರೆಂದು ಅವರ ಹೆಸರು ಇಲ್ಲಿ ಮನೆಮನೆಗೂ ಗೊತ್ತು. ಜುಲೈ ತಿಂಗಳಲ್ಲಿ ಅವರು ಸಲ್ಲಿಸಿದ ವರದಿಯು, ಭಾರಿ ಜನ ಸೇರುವ ಸಮಾರಂಭಗಳಿಗೆ ಆ ಕ್ರೀಡಾಂಗಣವು ತಕ್ಕದ್ದಲ್ಲವೆಂದಿತು. ಆಗಸ್ಟಿನಲ್ಲಿ, ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರನ್ನು ಬಿಟ್ಟು ನವಿ ಮುಂಬಯಿಗೆ ಹೋದವು. ಅದೇ ತಿಂಗಳು ಕರ್ನಾಟಕದ ವಿಧಾನಮಂಡಲದಲ್ಲಿ ಜನಸಂದಣಿ ನಿಯಂತ್ರಣದ ಮಸೂದೆಯನ್ನು ಮಂಡಿಸಿದರು. ಜನರನ್ನು ಕರೆಯುವವರು ಮೊದಲು ಅನುಮತಿ ಪಡೆಯಬೇಕು, ತಪ್ಪಿದರೆ ಶಿಕ್ಷೆ ಅವರಿಗೆ ಎಂಬುದು ಅದರ ತಿರುಳು.