ಫಾತಿಮಾ: ಒಂದು ಹೆಸರಿನ ಚರಿತ್ರೆ

ಮನೆಯಲ್ಲಿ ಹೆಣ್ಣುಮಗು ಹುಟ್ಟಿದೊಡನೆ ಹೆಸರಿನ ಹುಡುಕಾಟ ಆರಂಭವಾಗುತ್ತದೆ. ಯಾರೂ ಇಡದ ಹೆಸರು ಬೇಕು, ಅದರ ಅರ್ಥ ರಾಣಿ, ನಕ್ಷತ್ರ, ಬೆಳಕು ಎಂದೇನಾದರೂ ಇರಬೇಕು ಎಂಬುದು ಇಂದಿನ ಹೆತ್ತವರ ಬಯಕೆ. ಈ ಹುಡುಕಾಟದಲ್ಲಿ ಅಜ್ಜಿಯ ಹೆಸರು ಮೊದಲೇ ಬದಿಗೆ ಸರಿಯುತ್ತದೆ. ನಮ್ಮ ಸಮುದಾಯದಲ್ಲಿ ಆ ಅಜ್ಜಿಯ ಹೆಸರು ಬಹಳಷ್ಟು ಸಲ ಫಾತಿಮಾ ಆಗಿರುತ್ತದೆ.

ಅರಬಿಯ 'ಫತಮ' ಎಂಬ ಕ್ರಿಯಾಪದಕ್ಕೆ ಮಗುವಿಗೆ ಮೊಲೆಹಾಲು ಬಿಡಿಸುವುದು ಎಂದರ್ಥ. ಹಾಲು ಬಿಟ್ಟ ಮಗು 'ಫತೀಮ್'. ಹಾಲು ಬಿಡಿಸುವವಳು 'ಫಾತಿಮಾ'. ಇಷ್ಟೇ. ರಾಣಿಯೂ ಇಲ್ಲ, ನಕ್ಷತ್ರವೂ ಇಲ್ಲ. ಎಳೆಯ ಮಕ್ಕಳ ಸಾವು ಸಾಮಾನ್ಯವಾಗಿದ್ದ ಆ ಮರುಭೂಮಿಯಲ್ಲಿ ಮಗು ಹಾಲು ಬಿಡುವ ವಯಸ್ಸಿನವರೆಗೆ ಉಳಿಯುವುದೇ ಒಂದು ದೊಡ್ಡ ಗಡಿ ದಾಟಿದಂತೆ. ಈ ಮಗಳು ಬದುಕಿ ಬೆಳೆದು ತಾಯಿಯಾಗಲಿ ಎಂಬ ಹಾರೈಕೆ ಹೆಸರಿನಲ್ಲಿ ಅಡಗಿದ್ದಿರಬಹುದು ಎಂದು ನಮಗನಿಸುತ್ತದೆ. ಹಝ್ರತ್ ಫಾತಿಮಾ(ರ)ರನ್ನು ಪ್ರೀತಿಸುವವರನ್ನು ಅಲ್ಲಾಹನು ನರಕಾಗ್ನಿಯಿಂದ 'ಬಿಡಿಸಿದ್ದರಿಂದ' ಈ ಹೆಸರು ಬಂತೆಂಬ ವರದಿಯೊಂದು ಭಾಷಣಗಳಲ್ಲಿ ಕೇಳಿಬರುತ್ತದೆ. ಹದೀಸ್ ವಿದ್ವಾಂಸರು ಅದನ್ನು ಪ್ರಮಾಣವೆಂದು ಸ್ವೀಕರಿಸಿಲ್ಲ. ಅಲ್ಲದೆ ಈ ಹೆಸರು ಅವರಿಗಿಂತ ಬಹಳ ಹಿಂದಿನಿಂದಲೂ ಇತ್ತು.

ಪ್ರವಾದಿ ಮುಹಮ್ಮದ್(ಸ)ರ ತಂದೆ ಅಬ್ದುಲ್ಲಾರನ್ನು ಹೆತ್ತ ತಾಯಿ ಫಾತಿಮಾ ಬಿಂತ್ ಅಮ್ರ್. ಅನಾಥ ಬಾಲಕನಾಗಿ ಪ್ರವಾದಿ(ಸ) ಬೆಳೆದದ್ದು ದೊಡ್ಡಪ್ಪ ಅಬೂತಾಲಿಬರ ಮನೆಯಲ್ಲಿ. ಆ ಮನೆಯ ಒಡತಿ, ಅಲಿ(ರ)ಯವರ ತಾಯಿ, ಫಾತಿಮಾ ಬಿಂತ್ ಅಸದ್(ರ). ಉಮರ್(ರ)ರ ಮನಸ್ಸು ಕರಗಲು ಕಾರಣರಾದ ಸಹೋದರಿ ಫಾತಿಮಾ ಬಿಂತ್ ಖತ್ತಾಬ್(ರ). ಪ್ರವಾದಿ(ಸ)ಯವರಿಗೆ ಉಡುಗೊರೆಯಾಗಿ ಬಂದ ರೇಷ್ಮೆ ಬಟ್ಟೆಯನ್ನು ಅವರು ಅಲಿ(ರ)ಯವರಿಗೆ ಕೊಟ್ಟು, ತಲೆವಸ್ತ್ರಗಳಾಗಿ ಕತ್ತರಿಸಿ 'ಫವಾತಿಮ್'ಗಳಿಗೆ ಹಂಚಲು ಹೇಳಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಫವಾತಿಮ್ ಎಂದರೆ ಫಾತಿಮಾಗಳು! ಹೆಸರಿಗೊಂದು ಬಹುವಚನವೇ ಬೇಕಾಗುವಷ್ಟು ಫಾತಿಮಾಗಳು ಒಂದೇ ಕುಟುಂಬದಲ್ಲಿದ್ದರು. ಪ್ರವಾದಿ(ಸ)ಯವರ ಮಗಳು, ಅಲಿಯವರ ತಾಯಿ, ಹಂಝಾ(ರ)ರ ಮಗಳು ಎಂದು ವ್ಯಾಖ್ಯಾನಕಾರರು ಅವರನ್ನು ಗುರುತಿಸುತ್ತಾರೆ.

ಆದ್ದರಿಂದ ಈ ಹೆಸರಿನ ತೂಕವನ್ನು ನಿಘಂಟಿನಲ್ಲಿ ಹುಡುಕಿ ಫಲವಿಲ್ಲ. ಅದು ಬಂದದ್ದು ಬೀಸುವ ಕಲ್ಲಿನಿಂದ ಕೈಗಳು ಜಡ್ಡುಗಟ್ಟಿದ ಒಬ್ಬ ಮಹಿಳೆಯಿಂದ. ಆ ಕೈಗಳನ್ನು ಹೊತ್ತು ಸೇವಕರನ್ನು ಕೇಳಲು ಹೋದ ಮಗಳಿಗೆ ತಂದೆ ಸೇವಕರನ್ನು ಕೊಡಲಿಲ್ಲ. ಮಲಗುವ ಮುನ್ನ ಹೇಳುವ ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34 ಎಂಬ ಸ್ಮರಣೆಯನ್ನು ಕಲಿಸಿಕೊಟ್ಟರು. ಮಕ್ಕಾ ವಿಜಯದ ವೇಳೆ ಕುಲೀನ ಮಖ್‌ಝೂಮ್ ಗೋತ್ರದ ಸ್ತ್ರೀಯೊಬ್ಬಳು ಕಳ್ಳತನದಲ್ಲಿ ಸಿಕ್ಕಿಬಿದ್ದಾಗ ಶಿಫಾರಸಿಗೆ ಜನ ಬಂದರು. ತಮ್ಮ ಮಗಳು ಫಾತಿಮಾಳೇ ಕದ್ದಿದ್ದರೂ ಶಿಕ್ಷೆ ತಪ್ಪದು ಎಂದು ಪ್ರವಾದಿ(ಸ) ಸ್ಪಷ್ಟಪಡಿಸಿದರು. ಆ ಅಪರಾಧಿಯ ಹೆಸರೂ ಫಾತಿಮಾ ಎಂದೇ ಇತ್ತೆಂದು ವಿದ್ವಾಂಸರು ದಾಖಲಿಸಿದ್ದಾರೆ.

ಹಝ್ರತ್ ಫಾತಿಮಾ(ರ) ತಂದೆಯ ಮರಣದ ಸುಮಾರು ಆರು ತಿಂಗಳ ಬಳಿಕ, ಹಿಜರಿ 11ರಲ್ಲಿ ನಿಧನರಾದರು. ಹೆಸರು ಮಾತ್ರ ಊರೂರು ಸುತ್ತಿತು. 909ರಿಂದ 1171ರವರೆಗೆ ಉತ್ತರ ಆಫ್ರಿಕಾ ಮತ್ತು ಈಜಿಪ್ಟನ್ನು ಆಳಿದ ರಾಜವಂಶವೊಂದು ತನ್ನನ್ನು ಫಾತಿಮೀ ಎಂದು ಕರೆದುಕೊಂಡಿತು. ಪೋರ್ಚುಗಲ್‌ನಲ್ಲಿ ಫಾತಿಮಾ ಎಂಬ ಊರೇ ಇದೆ. ಮುಸ್ಲಿಮ್ ಆಳ್ವಿಕೆಯ ಕುರುಹಾದ ಆ ಹೆಸರಿನ ಊರು 1917ರ ನಂತರ ಕ್ಯಾಥೊಲಿಕರ ದೊಡ್ಡ ಯಾತ್ರಾಸ್ಥಳವಾಯಿತು. ತುರ್ಕರು ಫಾತ್ಮಾ ಎನ್ನುತ್ತಾರೆ. ಪಶ್ಚಿಮ ಆಫ್ರಿಕಾದಲ್ಲಿ ಅದು ಫಾತೂಮಾತಾ, ಪ್ರೀತಿಯಿಂದ ಕರೆದರೆ ಫಾತೂ.

ನಮ್ಮ ಕರಾವಳಿಯಲ್ಲಿ ಅದು ಪಾತುಮ್ಮ, ಫಾತಿಮ್ಮ. ಹಳೆಯ ತಲೆಮಾರಿನ ಬ್ಯಾರಿ ಮತ್ತು ಮಲಯಾಳಂ ನಾಲಗೆಗೆ 'ಫ' ಒಗ್ಗದು, ಅದು 'ಪ' ಆಯಿತು. ಕೊನೆಯಲ್ಲಿ ತಾಯಿಯನ್ನು ಕರೆಯುವ 'ಉಮ್ಮ'ದ ಧ್ವನಿ ಸೇರಿಕೊಂಡಿತು. ಐಸಮ್ಮ, ಕದೀಜಮ್ಮ, ಮರಿಯಮ್ಮ ಎಲ್ಲವೂ ಹೀಗೆಯೇ ಆದವು. ಉರ್ದು ಮಾತನಾಡುವ ಮನೆಗಳಲ್ಲಿ ಅವಳು ಫಾತಿಮಾಬಿ. ವೈಕಂ ಮುಹಮ್ಮದ್ ಬಷೀರ್ ತಮ್ಮ ತಂಗಿ ಪಾತುಮ್ಮಳ ಆಡಿನ ಬಗ್ಗೆ ಬರೆದ, 1959ರಲ್ಲಿ ಪ್ರಕಟವಾದ ಕಾದಂಬರಿಯಿಂದ ಈ ರೂಪ ಸಾಹಿತ್ಯದಲ್ಲೂ ನೆಲೆ ಕಂಡಿತು.

ಪಾತುಮ್ಮ ಎಂಬುದು ಅಶುದ್ಧ, ಫಾತಿಮಾ ಮಾತ್ರ ಶುದ್ಧ ಎಂದು ಭಾವಿಸಿ ಅಜ್ಜಿಯ ಹೆಸರನ್ನು ನಾಲ್ಕು ಜನರ ಮುಂದೆ ಹೇಳಲು ಹಿಂಜರಿಯುವ ಮೊಮ್ಮಕ್ಕಳನ್ನು ನಾವು ಕಂಡಿದ್ದೇವೆ. ಈ ಹಿಂಜರಿಕೆಗೆ ಆಧಾರವಿಲ್ಲ. ಫಾತ್ಮಾ ಎನ್ನುವ ತುರ್ಕಿ ಹೆಣ್ಣಿಗೆ ಇಲ್ಲದ ನಾಚಿಕೆ ಮಂಗಳೂರಿನವರಿಗೇಕೆ? ಕೆಟ್ಟ ಅರ್ಥದ ಹೆಸರುಗಳನ್ನು ಪ್ರವಾದಿ(ಸ) ಬದಲಾಯಿಸಿದ್ದುಂಟು. 'ಅವಿಧೇಯಳು' ಎಂಬರ್ಥದ ಹೆಸರು ಹೊತ್ತಿದ್ದ ಹೆಣ್ಣನ್ನು ಜಮೀಲಾ ಎಂದು ಕರೆದರು. ಉಚ್ಚಾರಣೆ ನಾಡಿಗೆ ತಕ್ಕಂತೆ ಬಾಗುವುದು ಬೇರೆಯೇ ವಿಷಯ.

ಈಗೀಗ ಫಾತಿಮಾದ ಜೊತೆ ಝಹ್ರಾ, ಹಿಬಾ, ಸನಾ ಎಂದು ಇನ್ನೊಂದು ಪದ ಜೋಡಿಸುವ ರೂಢಿ ಬೆಳೆದಿದೆ. ತರಗತಿಯಲ್ಲಿ ಎರಡು ಮೂರು ಫಾತಿಮಾಗಳಿದ್ದರೆ ಶಿಕ್ಷಕರಿಗೂ ಇದರಿಂದ ಅನುಕೂಲ. ಮದೀನಾದಲ್ಲಿ ಇದೇ ಕೆಲಸಕ್ಕೆ ತಂದೆಯ ಹೆಸರು ಸಾಕಾಗುತ್ತಿತ್ತು: ಬಿಂತ್ ಮುಹಮ್ಮದ್, ಬಿಂತ್ ಅಸದ್, ಬಿಂತ್ ಹಂಝಾ.