ಬೇಸಾಯದ ಲೆಕ್ಕದಲ್ಲಿ ಬತ್ತಿದ ಬಾವಿ ಎಲ್ಲಿದೆ?

ಬೆಂಬಲ ಬೆಲೆಯ ಜಗಳ ಎದ್ದಾಗಲೆಲ್ಲ ರೈತಸಂಘದ ಸಭೆಗಳಲ್ಲೂ ಕೇಳಿಬರುವ 'ಸಿ2' ಎಂಬ ಮಾತಿನ ಹಿಂದೆ ಏಳು ದಶಕಗಳ ಸಂಶೋಧನೆಯಿದೆ. 1954-55ರಲ್ಲಿ ಕೇಂದ್ರ ಸರ್ಕಾರ ಕೆಲವು ರಾಜ್ಯಗಳಲ್ಲಿ ಕೃಷಿ ನಿರ್ವಹಣಾ ಅಧ್ಯಯನ ಶುರುಮಾಡಿತು. ಆಳು, ಎತ್ತು, ಬೀಜ, ಗೊಬ್ಬರದ ಲೆಕ್ಕ ಹೊಲಗಳಿಂದ ಬರತೊಡಗಿದಾಗ ಕಂಡದ್ದನ್ನು 1962ರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎತ್ತಿ ತೋರಿಸಿದರು: ಮನೆಯವರ ದುಡಿಮೆಗೂ ಪೇಟೆಯ ಕೂಲಿ ಕಟ್ಟಿದರೆ ಬಹಳಷ್ಟು ಬೇಸಾಯ ನಷ್ಟದ್ದೇ, ಆದರೂ ಸಣ್ಣ ಹಿಡುವಳಿಯ ಎಕರೆವಾರು ಉತ್ಪನ್ನ ದೊಡ್ಡದಕ್ಕಿಂತ ಹೆಚ್ಚು. ಹೊರಗೆ ಕೂಲಿ ಸಿಗುವ ಖಾತ್ರಿಯಿಲ್ಲದ ಸಂಸಾರ ತನ್ನ ಹೊಲದಲ್ಲೇ ಮೈಮುರಿದು ದುಡಿಯುತ್ತದೆ ಎಂಬುದು ಅವರ ವಿವರಣೆ. ಅಲ್ಲ, ಸಣ್ಣ ಹಿಡುವಳಿಯ ಮಣ್ಣೇ ಫಲವತ್ತು ಎಂದು ಬೇರೆಯವರು ವಾದಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

1970-71ರಿಂದ ಈ ಲೆಕ್ಕ ಕಾಯಂ ಯೋಜನೆಯಾಯಿತು. ಕೈಯಿಂದ ಬಿಟ್ಟ ಹಣ, ಗೇಣಿ, ಮನೆಯವರ ದುಡಿಮೆ ಸೇರಿದರೆ ಒಂದು ವೆಚ್ಚ. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ ಸಿ2. ಸ್ವಾಮಿನಾಥನ್ ಆಯೋಗ ಬೆಂಬಲ ಬೆಲೆಯಲ್ಲಿ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಲಾಭ ಕೊಡಿ ಎಂದಿತು. 2018ರಲ್ಲಿ ಕೇಂದ್ರ ಒಪ್ಪಿದ್ದು ಮೊದಲನೆಯ ವೆಚ್ಚಕ್ಕೆ, ರೈತರು ಕೇಳುತ್ತಿರುವುದು ಎರಡನೆಯದಕ್ಕೆ.

ಖರ್ಚು ಬರೆಯುವುದು ಸುಲಭ, ಅಪಾಯ ಅಳೆಯುವುದು ಹೇಗೆ? ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ 1975ರಲ್ಲಿ ಒಣಬೇಸಾಯದ ಹಳ್ಳಿಗಳಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ಮನೆಗಳನ್ನು ಗಮನಿಸಿತು. ಅಲ್ಲಿ ಅರ್ಥಶಾಸ್ತ್ರಜ್ಞ ಹ್ಯಾನ್ಸ್ ಬಿನ್ಸ್‌ವಾಂಗರ್ ರೈತರ ಕೈಗೆ ನಿಜವಾದ ದುಡ್ಡು ಕೊಟ್ಟು ನಾಣ್ಯ ಚಿಮ್ಮುವ ಆಟ ಆಡಿಸಿದರು. 1980ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪಣ ದೊಡ್ಡದಾದಾಗ ಬಡವನೂ ಸಿರಿವಂತನೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಹಿಂಜರಿಯುತ್ತಾರೆ. ಬಡ ರೈತ ಹೊಸ ಬೀಜಕ್ಕೆ ಕೈಹಾಕದಿದ್ದರೆ ಅದು ಪುಕ್ಕಲುತನವಲ್ಲ, ಸಾಲ ಹುಟ್ಟದ ತೊಂದರೆ. ಇಡೀ ಕೃಷಿ ಅರ್ಥಶಾಸ್ತ್ರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವ ಶೋಧನೆ ಇದು. ಅದೇ ಹಳ್ಳಿಗಳ ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞರಾದ ರೋಸೆನ್‌ಜ್ವೀಗ್ ಮತ್ತು ಸ್ಟಾರ್ಕ್ 1989ರಲ್ಲಿ ಇನ್ನೊಂದು ಸಂಗತಿ ಹೇಳಿದರು: ಹೆಣ್ಣುಮಕ್ಕಳನ್ನು ದೂರದ ಊರಿಗೆ ಕೊಡುವುದರಲ್ಲಿ ಮಳೆ ಕೈಕೊಟ್ಟ ವರ್ಷಕ್ಕೆ ಆಸರೆ ಹುಡುಕುವ ಲೆಕ್ಕವೂ ಇದೆ. ನಮ್ಮ ಅಜ್ಜಿಯರಿಗೆ ಇದು ಹೊಸ ಸುದ್ದಿಯಾಗಿರಲಾರದು.

ಮಳೆ ಕೈಕೊಡುವ ಅಪಾಯಕ್ಕೆ ವಿಮೆ ಮಾಡುವ ವಿಚಾರದಲ್ಲಂತೂ ಮೈಸೂರು ಮೊದಲೇ ಎಚ್ಚರವಾಗಿತ್ತು. ಬೆಳೆ ನೋಡಬೇಡಿ, ಮಳೆ ಅಳೆದು ಪರಿಹಾರ ಕೊಡಿ ಎಂಬ ಯೋಜನೆಯನ್ನು ಜೆ.ಎಸ್. ಚಕ್ರವರ್ತಿ 1920ರಲ್ಲೇ ಪುಸ್ತಕವಾಗಿ ಮುಂದಿಟ್ಟರು. ಮಳೆ ಆಧಾರಿತ ವಿಮೆ ದೇಶದಲ್ಲಿ ಪ್ರಯೋಗಕ್ಕೆ ಬಂದದ್ದು 2003ರಲ್ಲಿ, ಮಹಬೂಬ್‌ನಗರ ಜಿಲ್ಲೆಯಲ್ಲಿ.

ಖರ್ಚು, ಅಪಾಯಗಳ ಜೊತೆಗಿನ ಮೂರನೆಯ ಕವಲು, ರೈತನ ದಕ್ಷತೆ ಅಳೆಯುವುದು, ಹೆಚ್ಚು ಗಣಿತದ್ದು. 1957ರಲ್ಲಿ ಅರ್ಥಶಾಸ್ತ್ರಜ್ಞ ಫ್ಯಾರೆಲ್ ತೋರಿದ ದಾರಿಯಲ್ಲಿ, ಎಲ್ಲರಿಗಿಂತ ಚೆನ್ನಾಗಿ ಬೆಳೆದವರನ್ನು ಗಡಿಯೆಂದಿಟ್ಟು ಉಳಿದವರು ಎಷ್ಟು ಹಿಂದೆ ಎಂದು ಅಳೆಯಲಾಯಿತು. ದುರದೃಷ್ಟವನ್ನೂ ಅದಕ್ಷತೆಯನ್ನೂ ಬೇರ್ಪಡಿಸುವ ವಿಧಾನ 1977ರಲ್ಲಿ ಬಂತು. ಅದಾದ ಮೇಲೆ ಭತ್ತ, ಹತ್ತಿ, ಹಾಲು ಎಂದು ಪ್ರಬಂಧಗಳ ರಾಶಿಯೇ ಬಿತ್ತು. ಅವುಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಮಳೆ ನಂಬಲಾರದೆ ಗೊಬ್ಬರ ಕಡಿಮೆ ಹಾಕಿದವನನ್ನೂ ಈ ಗಣಿತ ಅದಕ್ಷನ ಸಾಲಿಗೆ ಸೇರಿಸಿಬಿಡಬಹುದು. ಬಿನ್ಸ್‌ವಾಂಗರ್ ಕಂಡದ್ದು ಅಲ್ಲಿ ಮರೆತೇಹೋಗುತ್ತದೆ.

ಖರ್ಚು, ಅಪಾಯ, ದಕ್ಷತೆ ಮೂರೂ ಒಂದೇ ಕಡೆ ಸೇರುವುದು ಕೊಳವೆಬಾವಿಯಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂ.ಜಿ. ಚಂದ್ರಕಾಂತ್ ಮತ್ತು ಅವರ ಶಿಷ್ಯರು ಕೋಲಾರದಂಥ ಗಟ್ಟಿಬಂಡೆಯ ಸೀಮೆಯಲ್ಲಿ ನೀರಿನ ನಿಜವಾದ ಬೆಲೆ ಹುಡುಕಿದರು. ನೀರು ಕೊಡುವ ಬಾವಿಯ ಜೊತೆ ಬತ್ತಿದ, ನೀರೇ ಸಿಗದ ಬಾವಿಗಳ ಖರ್ಚನ್ನೂ ಬಾವಿಯ ಆಯಸ್ಸಿನ ಮೇಲೆ ಹಂಚಿದರೆ ಬೆಳೆಯ ಲಾಭ ಕರಗುತ್ತದೆ. ಅಧಿಕೃತ ವೆಚ್ಚದ ಲೆಕ್ಕದಲ್ಲಿ ಇದಕ್ಕೆ ತಕ್ಕ ಜಾಗವಿಲ್ಲ ಎಂಬುದು ಅವರ ಆಕ್ಷೇಪ. ಅದು ನ್ಯಾಯವಾದದ್ದೇ: ಮೂರು ಬಾವಿ ಕೊರೆಸಿ ಒಂದರಲ್ಲಿ ನೀರು ಕಂಡವನಿಗೆ ಮೂರರ ಸಾಲವನ್ನೂ ಆ ಒಂದರ ಬೆಳೆಯೇ ತೀರಿಸಬೇಕು.

ಬೆಲೆ ಆಯೋಗಗಳು ಬತ್ತಿದ ಬಾವಿಯ ಈ ಖರ್ಚನ್ನು ಸೇರಿಸಿಕೊಂಡರೂ ಕೋಲಾರಕ್ಕೆ ಅರ್ಧ ಉತ್ತರವಷ್ಟೇ ಸಿಕ್ಕೀತು. ಕೇಂದ್ರ ಬೆಂಬಲ ಬೆಲೆ ಘೋಷಿಸುವ 22 ಬೆಳೆಗಳ ಪಟ್ಟಿಯಲ್ಲಿ ಕೋಲಾರದವರು ಬೆಳೆಯುವ ಟೊಮೆಟೊ ಇಲ್ಲ.